ಖಾಲಿ ಓಡುವಾಗ ಮಾತ್ರ ಬರುವ ಗುಂಯ್ ಸದ್ದು: ಕ್ರೌನ್ ಬದಲಿಸುವ ಮುನ್ನ ಏನನ್ನು ನೋಡಬೇಕು?

ಪ್ರಶ್ನೆ (ಶ್ರೀನಿವಾಸಪುರದಿಂದ)

ಎಲ್ಲರಿಗೂ ನಮಸ್ಕಾರ. ಟೊಮೆಟೊ ಸಾಗಿಸಲೆಂದು ಕಳೆದ ವರ್ಷ ಸೆಕೆಂಡ್ ಹ್ಯಾಂಡ್ ಡೀಸೆಲ್ ಪಿಕಪ್ ಒಂದನ್ನು ಕೊಂಡೆ. ಎಂಜಿನ್ನಿನ ಬಲ ಹಿಂದಿನ ಚಕ್ರಗಳಿಗೆ ಹೋಗುವ, ಎರಡು ತುಂಡಿನ ಪ್ರೊಪೆಲ್ಲರ್ ಶಾಫ್ಟ್ (ಬಲವನ್ನು ಹಿಂದಕ್ಕೆ ಒಯ್ಯುವ ಉದ್ದನೆಯ ತಿರುಗುವ ದಂಡ) ಇರುವ ಗಾಡಿ. ಗಂಟೆಗೆ 45 ಕಿ.ಮೀ. ವೇಗ ದಾಟಿದೊಡನೆ ಕ್ಯಾಬಿನ್ನಿನ ಕೆಳಗಿನಿಂದ ಗುಂಯ್ ಎಂಬ ಸದ್ದು ಏಳುತ್ತದೆ. 60ರ ಹೊತ್ತಿಗೆ ಗೇರ್ ಲಿವರಿನ ಮೇಲೆ ಕೈಯಿಟ್ಟರೆ ನಡುಕವೂ ತಿಳಿಯುತ್ತದೆ. ವಿಚಿತ್ರವೆಂದರೆ, ಎಂಬತ್ತು ಬಾಕ್ಸ್ ಟೊಮೆಟೊ ತುಂಬಿಕೊಂಡು ಕೋಲಾರದ ಮಾರುಕಟ್ಟೆಗೆ ಹೋಗುವಾಗ ಈ ಸದ್ದು ಬಹುಮಟ್ಟಿಗೆ ಅಡಗಿರುತ್ತದೆ, ಸರಕು ಇಳಿಸಿ ಖಾಲಿ ಮರಳುವಾಗ ಮತ್ತೆ ಶುರುವಾಗುತ್ತದೆ. ಟೈರುಗಳನ್ನು ಹಿಂದೆ ಮುಂದೆ ಬದಲಿಸಿ ನೋಡಿದರೂ ವ್ಯತ್ಯಾಸವಾಗಲಿಲ್ಲ. ಕ್ರೌನ್ ಪಿನಿಯನ್ (ಶಾಫ್ಟಿನ ಬಲವನ್ನು ಹಿಂದಿನ ಚಕ್ರಗಳ ಕಡೆ ತಿರುಗಿಸುವ ಗೇರುಗಳ ಜೋಡಿ) ಸವೆದಿದೆ, ಅದರ ಹೌಸಿಂಗ್ (ಕವಚ) ಬಿಚ್ಚಲೇಬೇಕು ಎಂದು ನಮ್ಮ ಮೆಕ್ಯಾನಿಕ್ ಹೇಳುತ್ತಿದ್ದಾರೆ. ಅಷ್ಟು ದೊಡ್ಡ ಖರ್ಚಿಗೆ ಕೈಹಾಕುವ ಮೊದಲು ಬೇರೆ ಏನನ್ನಾದರೂ ಪರೀಕ್ಷಿಸಬಹುದೇ, ದಯವಿಟ್ಟು ತಿಳಿಸಿ.

ಉತ್ತರ 1 (ಹಾಸನದಿಂದ)

ಸರ್, ನೀವು ವಿಚಿತ್ರವೆಂದು ಬರೆದಿರುವ ಸಂಗತಿಯೇ ಇಲ್ಲಿ ಮುಖ್ಯವಾದ ಸುಳಿವು. ಕ್ರೌನಿನ ಹಲ್ಲು ಸವೆದಿದ್ದರೆ ಭಾರ ಹೆಚ್ಚಿದಂತೆ ಅದರ ಕೂಗು ಸಾಮಾನ್ಯವಾಗಿ ಜೋರಾಗುತ್ತದೆಯೇ ಹೊರತು ಅಡಗುವುದಿಲ್ಲ. ಆಕ್ಸಿಲರೇಟರ್ ಒತ್ತಿದಾಗ ಒಂದು ಸ್ವರ, ಕಾಲು ತೆಗೆದಾಗ ಮತ್ತೊಂದು ಸ್ವರ ಬರುವುದೂ ಅದರ ಲಕ್ಷಣ. ಭಾರ ಹೇರಿದಾಗ ನಿಲ್ಲುವ ಸದ್ದಿನ ಬಗ್ಗೆ ನನಗೆ ಮೊದಲು ಅನುಮಾನ ಬರುವುದು ಶಾಫ್ಟಿನ ಕೋನದ ಮೇಲೆ.

ಶಾಫ್ಟನ್ನು ಕೋನದಲ್ಲಿ ಕೂಡಿಸುವ ಯೂನಿವರ್ಸಲ್ ಜಾಯಿಂಟ್ ಓರೆಯಾಗಿ ತಿರುಗುವಾಗ ಅದರಾಚೆಗಿನ ಶಾಫ್ಟ್ ಪ್ರತಿ ಸುತ್ತಿನಲ್ಲೂ ಎರಡು ಬಾರಿ ವೇಗ ಪಡೆದು ಎರಡು ಬಾರಿ ನಿಧಾನವಾಗುತ್ತದೆ. ಶಾಫ್ಟಿನ ಎರಡು ತುದಿಯ ಕೋನಗಳು ಸಮನಾಗಿದ್ದು, ಯೋಕ್‌ಗಳು (ಜಾಯಿಂಟನ್ನು ಹಿಡಿಯುವ ಕವಲುಗಳು) ಒಂದೇ ಸಮತಲದಲ್ಲಿದ್ದರೆ ಮಾತ್ರ ಈ ಏರಿಳಿತ ಒಂದನ್ನೊಂದು ಕಳೆದುಕೊಳ್ಳುತ್ತದೆ. ನಮ್ಮ ಕಡೆ ಹೆಚ್ಚು ಲೋಡ್ ಹೊರಲೆಂದು ಹಿಂದಿನ ಪಟ್ಟಿ ಸ್ಪ್ರಿಂಗಿಗೆ, ಅಂದರೆ ಕಮಾನ್‌ಗೆ ಎಕ್ಸ್‌ಟ್ರಾ ಪ್ಲೇಟ್ ಹಾಕಿಸುವ ಅಭ್ಯಾಸ ಇದೆಯಷ್ಟೆ; ಆಗ ಖಾಲಿ ಗಾಡಿಯ ಹಿಂಭಾಗ ಎತ್ತರಕ್ಕೆ ನಿಂತು ಕೋನಗಳು ಕೆಡುತ್ತವೆ, ಲೋಡ್ ಬಿದ್ದಾಗ ಮತ್ತೆ ಸರಿಯಾದ ಮಟ್ಟಕ್ಕೆ ಇಳಿಯುತ್ತವೆ. ಹಿಂದಿನ ಮಾಲೀಕರು ಹಾಗೆ ಮಾಡಿಸಿದ್ದಾರೆಯೇ ನೋಡಿ. ಉಳಿದ ಪ್ಲೇಟುಗಳಿಗಿಂತ ಹೊಸದಾಗಿ ಕಾಣುವ ಪ್ಲೇಟ್ ಇದ್ದರೆ ಗುರುತು ಸಿಗುತ್ತದೆ.

ಉತ್ತರ 2 (ಚಿತ್ರದುರ್ಗದಿಂದ)

ಮೇಲಿನವರ ತರ್ಕವನ್ನು ಒಪ್ಪುತ್ತೇನೆ, ಆದರೆ ಗೇರ್‌ಬಾಕ್ಸನ್ನು ಅಷ್ಟು ಸುಲಭವಾಗಿ ಬಿಟ್ಟುಬಿಡಬಾರದು. ಇಂತಹ ಹಲವು ಐದು ಗೇರಿನ ಗಾಡಿಗಳಲ್ಲಿ ನಾಲ್ಕನೆಯ ಗೇರ್ ನೇರ ಗೇರ್ ಆಗಿದ್ದು, ಬಲವು ಕೆಳಗಿನ ಲೇ ಶಾಫ್ಟನ್ನು (ಗೇರ್‌ಬಾಕ್ಸಿನೊಳಗಿನ ಎರಡನೆಯ ಗೇರ್ ದಂಡವನ್ನು) ಬಳಸದೆ ನೇರವಾಗಿ ಹಿಂದಕ್ಕೆ ಹೋಗುತ್ತದೆ. ಖಾಲಿ ರಸ್ತೆಯಲ್ಲಿ 50ರ ವೇಗವನ್ನು ಮೂರನೆಯ ಗೇರಿನಲ್ಲಿ, ಬಳಿಕ ನಾಲ್ಕನೆಯದರಲ್ಲಿ ಕಾಯ್ದುಕೊಂಡು ಓಡಿಸಿ. ನಾಲ್ಕರಲ್ಲಿ ಮಾತ್ರ ಸದ್ದು ಸತ್ತರೆ ದೋಷ ಗೇರ್‌ಬಾಕ್ಸಿನಲ್ಲಿದೆ. ಎರಡರಲ್ಲೂ ಒಂದೇ ಸ್ವರವಾದರೆ ಅದು ಗೇರ್‌ಬಾಕ್ಸಿನ ಹಿಂದಿನದು.

ಹೌಸಿಂಗಿನ ಎಣ್ಣೆಯ ಮಟ್ಟವನ್ನೂ ನೋಡಿಸಿ. ಬ್ರೀದರ್ (ಹೌಸಿಂಗಿನ ಗಾಳಿ ಕಿಂಡಿ) ಕಟ್ಟಿಕೊಂಡರೆ ಒಳಗಿನ ಒತ್ತಡಕ್ಕೆ ಪಿನಿಯನ್ ಸೀಲಿನಿಂದ ಎಣ್ಣೆ ಜಿನುಗುತ್ತದೆ. ಡ್ರೈನ್ ಬೋಲ್ಟಿಗೆ ಅಯಸ್ಕಾಂತವಿದ್ದರೆ ಅದರ ಮೇಲೆ ನುಣುಪಾದ ಬೂದು ಕೆಸರು ಇರುವುದು ಸಹಜ. ಉಗುರಿಗೆ ಸಿಗುವ ಚಕ್ಕೆಗಳಿದ್ದರೆ ಮಾತ್ರ ನಿಮ್ಮ ಮೆಕ್ಯಾನಿಕ್ ಹೇಳಿದ್ದು ನಿಜವಿರಬಹುದು. ಆಗಲೂ ಕ್ರೌನ್ ಮತ್ತು ಪಿನಿಯನ್ನನ್ನು ಜೋಡಿಯಾಗಿಯೇ ಬದಲಿಸಬೇಕು, ಏಕೆಂದರೆ ಅವುಗಳನ್ನು ಕಾರ್ಖಾನೆಯಲ್ಲಿ ಒಂದಕ್ಕೊಂದು ಉಜ್ಜಿ ಹೊಂದಿಸಿರುತ್ತಾರೆ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಧನ್ಯವಾದಗಳು. ಮೂರನೆಯ, ನಾಲ್ಕನೆಯ ಗೇರುಗಳಲ್ಲಿ ಸದ್ದು ಒಂದೇ ರೀತಿ ಇದೆ, ಎಣ್ಣೆಯಲ್ಲಿ ಚಕ್ಕೆಗಳಿಲ್ಲ. ಕಮಾನ್‌ನಲ್ಲಿ ಎರಡೂ ಬದಿಗೆ ಒಂದೊಂದು ದಪ್ಪ ಪ್ಲೇಟ್ ಸೇರಿಸಿರುವುದು ಸ್ಪಷ್ಟವಾಗಿ ಕಾಣುತ್ತಿದೆ. ಹಿಂದಿನ ಜಾಯಿಂಟಿನ ಬೇರಿಂಗ್ ಬಟ್ಟಲುಗಳ ಸುತ್ತ ಇಟ್ಟಿಗೆ ಪುಡಿಯಂತಹ ಕೆಂಪು ಪುಡಿ ಕೂತಿದೆ.

ಉತ್ತರ 1 (ಹಾಸನದಿಂದ)

ಆ ಕೆಂಪು ಪುಡಿ ಒಳಗಿನ ಸೂಜಿ ಬೇರಿಂಗುಗಳು ಗ್ರೀಸ್ ಇಲ್ಲದೆ ತುಕ್ಕು ಹಿಡಿದಿರುವ ಗುರುತು. ಕ್ರಾಸ್ (ಜಾಯಿಂಟಿನ ನಡುವಿನ ಶಿಲುಬೆಯಾಕಾರದ ತುಂಡು) ಬದಲಿಸಲು ಶಾಫ್ಟ್ ಬಿಚ್ಚುವ ಮೊದಲೇ ಶಾಫ್ಟ್ ಹಿಂದೆ ಮುಂದೆ ಜಾರುವ, ಹಲ್ಲುಗಳಿರುವ ಸ್ಲೈಡಿಂಗ್ ಜೋಡಣೆಯ ಎರಡೂ ಭಾಗಗಳ ಮೇಲೆ ಬಣ್ಣದಲ್ಲಿ ಗುರುತು ಹಾಕಿಸಿ, ಅದೇ ಸ್ಥಾನದಲ್ಲಿ ಮರುಜೋಡಿಸಲು ಹೇಳಿ. ಒಂದು ಹಲ್ಲು ತಪ್ಪಿದರೂ ಹೊಸ ನಡುಕ ಹುಟ್ಟುತ್ತದೆ. ಯೋಕ್‌ಗಳು ಈಗಲೇ ಒಂದೇ ಸಮತಲದಲ್ಲಿಲ್ಲದಿದ್ದರೆ, ಹಿಂದೆ ಯಾರೋ ಬಿಚ್ಚಿ ತಪ್ಪಾಗಿ ಸೇರಿಸಿದ್ದಾರೆಂದು ತಿಳಿದು ಮೊದಲು ಅದನ್ನು ಸರಿಪಡಿಸಬೇಕು. ಶಾಫ್ಟಿನ ನಡುಭಾಗವನ್ನು ಹೊತ್ತಿರುವ ಸೆಂಟರ್ ಬೇರಿಂಗಿನ ರಬ್ಬರ್ ಜೋತುಬಿದ್ದಿದ್ದರೆ ಅದನ್ನೂ ಇದೇ ಕೆಲಸದಲ್ಲಿ ಮುಗಿಸಿಕೊಳ್ಳಿ, ಕೂಲಿ ಎರಡು ಸಲ ಕೊಡುವುದು ಬೇಡ.

ಎಕ್ಸ್‌ಟ್ರಾ ಪ್ಲೇಟ್ ತೆಗೆಸುವುದೇ ಸರಿಯೆಂದು ನನ್ನ ಅಭಿಪ್ರಾಯ. ಎಂಬತ್ತು ಬಾಕ್ಸ್ ಎಂದರೆ ಬಾಕ್ಸಿಗೆ 15 ಕೆ.ಜಿ.ಯಂತೆ 1,200 ಕೆ.ಜಿ.; ಅದು ನಿಮ್ಮ ಆರ್‌ಸಿಯಲ್ಲಿರುವ ಮಿತಿಯೊಳಗೇ ಇದ್ದರೆ ಮೂಲ ಕಮಾನ್ ಸಾಕು. ಕ್ರೌನ್ ಖರ್ಚಿನ ಮಾತನ್ನು ಇದೆಲ್ಲ ಮುಗಿದ ಮೇಲೂ ಸದ್ದು ಉಳಿದರೆ ಎತ್ತಬಹುದು.