ನಾಟಕ ಒಪೆರಾ ಆದಾಗ ಮಾತು ಎಲ್ಲಿ ಹೋಯಿತು? ತಾಲೀಮಿನ ಪಿಯಾನೊ ವಾದಕಿಗೆ ನಿಮ್ಮ ಪ್ರಶ್ನೆಗಳು

ನಮಸ್ಕಾರ. ಒಪೆರಾ ತಾಲೀಮಿನಲ್ಲಿ ಪಿಯಾನೊ ನುಡಿಸುವುದು ನನ್ನ ಕೆಲಸ. ವಾದ್ಯವೃಂದ ಬಂದು ಸೇರುವುದು ಕೊನೆಯ ದಿನಗಳಲ್ಲಿ. ಅಲ್ಲಿಯವರೆಗೆ ಪಿಟೀಲು, ತುತ್ತೂರಿ, ನಗಾರಿ ಎಲ್ಲವೂ ನನ್ನ ಹತ್ತು ಬೆರಳುಗಳೇ. ಗಾಯಕರಿಂದ ಪಾಠ ಒಪ್ಪಿಸಿಕೊಳ್ಳುವವಳೂ ನಾನೇ. ನಾಟಕದಿಂದ ಹುಟ್ಟಿದ ಇಂಗ್ಲಿಷ್ ಒಪೆರಾಗಳ ಬಗ್ಗೆ ಕೇಳಿ, ತಿಳಿದಷ್ಟು ಹೇಳುತ್ತೇನೆ.

ಪ್ರಶ್ನೆ: ಮೇಡಂ, ಟೆನೆಸ್ಸಿ ವಿಲಿಯಮ್ಸ್ ಅವರ ‘ಎ ಸ್ಟ್ರೀಟ್‌ಕಾರ್ ನೇಮ್ಡ್ ಡಿಸೈರ್’ ನಮಗೆ ಎಂ.ಎ.ಯಲ್ಲಿ ಪಠ್ಯವಾಗಿತ್ತು. ಅದು ಒಪೆರಾ ಆಗಿದೆ ಎಂದು ಮೊನ್ನೆ ತಿಳಿಯಿತು. ಅಷ್ಟು ಮಾತನ್ನೂ ಹಾಡುತ್ತಾರೆಯೇ?

ಉತ್ತರ: ಹಾಡಲು ಹೊರಟರೆ ಬೆಳಗಾಗುತ್ತದೆ. ಆಡಿದರೆ ಒಂದು ನಿಮಿಷ ಹಿಡಿಯುವ ಮಾತು ಹಾಡಿದರೆ ಸುಮಾರು ಮೂರು ನಿಮಿಷ ಹಿಡಿಯುತ್ತದೆ, ಇದು ನಮ್ಮ ಕೈ ಅಳತೆಯ ಲೆಕ್ಕ. ಆದ್ದರಿಂದ ಲಿಬ್ರೆಟೊ, ಅಂದರೆ ಒಪೆರಾದ ಸಾಹಿತ್ಯ, ಬರೆಯುವವರ ಮೊದಲ ಕೆಲಸ ಕತ್ತರಿ ಹಿಡಿಯುವುದು. 1947ರ ಆ ನಾಟಕಕ್ಕೆ ಸಾಹಿತ್ಯ ಸಿದ್ಧಪಡಿಸಿದವರು ಫಿಲಿಪ್ ಲಿಟೆಲ್, ಸಂಗೀತ ಆಂದ್ರೆ ಪ್ರೆವಿನ್. 1998ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಮೊದಲ ಪ್ರಯೋಗ, ನಾಯಕಿ ಬ್ಲಾಂಚ್ ಆಗಿ ಗಾಯಕಿ ರೆನೆ ಫ್ಲೆಮಿಂಗ್.

ನೀವು ಓದಿದ್ದೀರಿ, ಒಂಬತ್ತನೆಯ ದೃಶ್ಯ ನೆನಪಿರಬಹುದು. ಬ್ಲಾಂಚ್‌ಳನ್ನು ಮೆಚ್ಚಿದ್ದ ಮಿಚ್ ಬಲ್ಬಿನ ಮೇಲಿದ್ದ ಕಾಗದದ ಆಕಾಶಬುಟ್ಟಿಯನ್ನು ಹರಿದು ಹಾಕುತ್ತಾನೆ. ವಯಸ್ಸು ಮುಚ್ಚಿಡಲು ಬ್ಲಾಂಚ್ ತಾನೇ ಹಾಕಿಸಿದ್ದ ಬುಟ್ಟಿ ಅದು. ಆಗ ಅವಳು, ನನಗೆ ವಾಸ್ತವ ಬೇಡ, ಮಾಯೆ ಬೇಕು ಎನ್ನುತ್ತಾಳೆ. ನಾಟಕದಲ್ಲಿ ಇದು ನಾಲ್ಕಾರು ಸಾಲು. ನಟಿ ಬಡಬಡಿಸಿ ಮುಗಿಸುತ್ತಾಳೆ. ಒಪೆರಾದಲ್ಲಿ ಅದೇ ‘ಐ ವಾಂಟ್ ಮ್ಯಾಜಿಕ್’ ಎಂಬ ಆರಿಯಾ. ಗಡಿಯಾರವನ್ನು ನಿಲ್ಲಿಸಿ ಅವಳ ಒಳಗನ್ನು ತೋರಿಸುವ ಹಾಡು. ನನ್ನ ಮಟ್ಟಿಗೆ ಇಡೀ ಕೃತಿ ನಿಂತಿರುವುದು ಇಂಥ ಎರಡು ಮೂರು ಜಾಗಗಳ ಮೇಲೆ. ಉಳಿದೆಡೆ ವಿಲಿಯಮ್ಸ್ ಅವರ ಮಾತೇ ಹಾಡಿನಂತಿದೆ, ಸಂಗೀತ ಅದರ ಹಿಂದೆ ಹಿಂದೆ ನಡೆಯುತ್ತದೆ. ಮಾಡಿದ ಉಪ್ಪಿಟ್ಟಿಗೆ ಇನ್ನೊಮ್ಮೆ ಒಗ್ಗರಣೆ ಹಾಕಿದ ಹಾಗೆ.

ಪ್ರಶ್ನೆ: ಹಾಗಾದರೆ ಒಳ್ಳೆಯ ನಾಟಕ ಒಳ್ಳೆಯ ಒಪೆರಾ ಆಗುವುದಿಲ್ಲವೇ?

ಉತ್ತರ: ಆಗುತ್ತದೆ, ಮಾತಿಲ್ಲದ ಜಾಗ ಅದರಲ್ಲಿದ್ದರೆ. ಆರ್ಥರ್ ಮಿಲ್ಲರ್ ಅವರ ‘ಎ ವ್ಯೂ ಫ್ರಮ್ ದಿ ಬ್ರಿಡ್ಜ್’ ನೋಡಿ. ಬ್ರೂಕ್ಲಿನ್‌ನ ಹಡಗುಕಟ್ಟೆಯ ಕೂಲಿ ಎಡ್ಡಿಯ ಮನೆಗೆ ಹೆಂಡತಿಯ ನಂಟರಿಬ್ಬರು ಇಟಲಿಯಿಂದ ಕದ್ದು ಬಂದಿದ್ದಾರೆ. ಮೊದಲ ಅಂಕದ ಕೊನೆಯಲ್ಲಿ ಅವರಲ್ಲಿ ದೊಡ್ಡವನಾದ ಮಾರ್ಕೊ ಒಂದು ಕುರ್ಚಿಯ ಕಾಲನ್ನು ಬುಡದಲ್ಲಿ ಹಿಡಿದು, ಒಂದೇ ಕೈಯಿಂದ ಮೆಲ್ಲಗೆ ಮೇಲೆತ್ತುತ್ತಾನೆ. ನೀನು ಎತ್ತಬಲ್ಲೆಯಾ ಎಂದು ಎಡ್ಡಿಯನ್ನು ಕೇಳಿ, ಅವನ ಕೈಲಾಗದ್ದನ್ನು ಕಂಡ ಮೇಲೆ. ಕುರ್ಚಿ ಎಡ್ಡಿಯ ತಲೆಯ ಮೇಲೆ ಆಯುಧದಂತೆ ನಿಲ್ಲುತ್ತದೆ. ನನ್ನ ತಮ್ಮನ ತಂಟೆಗೆ ಬರಬೇಡ ಎಂದು ಒಂದು ಮಾತೂ ಆಡದೆ ಹೇಳಿಯಾಯಿತು. ಸಂಗೀತಗಾರ ಹುಡುಕುವುದು ಇಂಥದ್ದನ್ನೇ. ಇಲ್ಲಿ ವಾದ್ಯವೃಂದಕ್ಕೆ ಮಾಡಲು ಕೆಲಸವಿದೆ.

ವಿಲಿಯಂ ಬೊಲ್ಕಮ್ ಅವರ ಸಂಗೀತದಲ್ಲಿ ಇದು 1999ರಲ್ಲಿ ಶಿಕಾಗೊದಲ್ಲಿ ರಂಗಕ್ಕೆ ಬಂತು. ಲಿಬ್ರೆಟೊ ಬರೆದವರು ಆರ್ನಲ್ಡ್ ವೈನ್‌ಸ್ಟೈನ್ ಮತ್ತು ಸ್ವತಃ ಮಿಲ್ಲರ್. ನಾಟಕದಲ್ಲಿ ಕತೆ ಹೇಳುವವನು ವಕೀಲ ಆಲ್ಫಿಯೇರಿ ಒಬ್ಬನೇ. ಒಪೆರಾದಲ್ಲಿ ಅವನ ಜೊತೆಗೆ ಕೇರಿಯ ಜನರ ಮೇಳವೂ ಇದೆ. ಗ್ರೀಕ್ ದುರಂತ ನಾಟಕದ ಅಚ್ಚು ಮೊದಲೇ ಇತ್ತು, ಮೇಳ ಬಂದ ಮೇಲೆ ಅದು ತುಂಬಿತು. ಎರಡರಲ್ಲಿ ಒಂದನ್ನು ಆರಿಸು ಎಂದರೆ ನಾನು ಇದನ್ನೇ ಆರಿಸುತ್ತೇನೆ.

ಪ್ರಶ್ನೆ: ಷೇಕ್ಸ್‌ಪಿಯರ್ ಸಾಲನ್ನು ಮುಟ್ಟುವ ಧೈರ್ಯ ಯಾರಿಗಾದರೂ ಇದೆಯೇ?

ಉತ್ತರ: ಒಬ್ಬೊಬ್ಬರದು ಒಂದೊಂದು ದಾರಿ. ಬೆಂಜಮಿನ್ ಬ್ರಿಟನ್ ‘ಎ ಮಿಡ್‌ಸಮರ್ ನೈಟ್ಸ್ ಡ್ರೀಮ್’ ಕೈಗೆತ್ತಿಕೊಂಡಾಗ ಅದು ರಂಗಕ್ಕೆ ಬರಬೇಕಿದ್ದ ಆಲ್ಡ್‌ಬರೋ ಸಂಗೀತೋತ್ಸವಕ್ಕೆ ಉಳಿದಿದ್ದದ್ದು ಒಂದು ವರ್ಷವೂ ಇಲ್ಲ. ಹೊಸ ಸಾಹಿತ್ಯ ಬರೆಸಲು ಸಮಯವಿಲ್ಲದೆ ಗಾಯಕ ಪೀಟರ್ ಪಿಯರ್ಸ್ ಜೊತೆ ಕುಳಿತು ಮೂಲವನ್ನೇ ಅರ್ಧಕ್ಕೆ ಇಳಿಸಿದರು. 1960ರಲ್ಲಿ ಪ್ರಯೋಗ. ಅಥೆನ್ಸಿನ ಆಸ್ಥಾನದ ಮೊದಲ ದೃಶ್ಯವನ್ನೇ ಬಿಟ್ಟು ನೇರವಾಗಿ ಕಾಡಿಗೆ ಇಳಿದರು. ಆದರೆ ಆಗ ಹರ್ಮಿಯಾ ಪ್ರಿಯಕರನೊಡನೆ ಓಡಿಹೋಗುತ್ತಿರುವುದು ಏಕೆಂದು ನೋಡುವವರಿಗೆ ತಿಳಿಯಬೇಕಲ್ಲ? ಡಿಮೀಟ್ರಿಯಸ್‌ನನ್ನು ಮದುವೆಯಾಗೆಂದು ನಿನ್ನನ್ನು ಬಲವಂತಪಡಿಸುವ ಕಾನೂನು ಎಂಬರ್ಥ ಬರಲು ಒಂದು ಸಾಲು ಸೇರಿಸಿದರು. ಇಡೀ ಕೃತಿಯಲ್ಲಿ ಅವರದೆಂಬುದು ಆ ಆರು ಪದ ಮಾತ್ರ. ಈ ಬಗೆಯ ಕೆಲಸದಲ್ಲಿ ಇದನ್ನು ಮೀರಿಸಿದ್ದನ್ನು ನಾನು ಕಂಡಿಲ್ಲ.

ಥಾಮಸ್ ಆಡೆಸ್ ‘ದಿ ಟೆಂಪೆಸ್ಟ್’ಗೆ (ಲಂಡನ್, 2004) ಹಿಡಿದದ್ದು ತದ್ವಿರುದ್ಧ ದಾರಿ. ಮೆರೆಡಿತ್ ಓಕ್ಸ್ ಎಲ್ಲವನ್ನೂ ಪ್ರಾಸದ ಪುಟ್ಟ ಸಾಲುಗಳಾಗಿ ಹೊಸದಾಗಿ ಬರೆದರು. ‘ಫುಲ್ ಫ್ಯಾದಮ್ ಫೈವ್ ದೈ ಫಾದರ್ ಲೈಸ್’ ಎಂಬ ಮೂಲದ ಅನುಪ್ರಾಸ ‘ಫೈವ್ ಫ್ಯಾದಮ್ಸ್ ಡೀಪ್, ಯುವರ್ ಫಾದರ್ ಲೈಸ್’ ಎಂದಾಯಿತು. ಐದು ಮಾರು ಆಳದಲ್ಲಿ ನಿನ್ನ ತಂದೆ, ಅಷ್ಟೇ. ಕಾಗದದ ಮೇಲೆ ಬಡವಾಗಿ ಕಾಣುತ್ತದೆ. ಗಾಳಿಯ ಚೇತನ ಏರಿಯಲ್‌ನ ಕಂಠ ಅಷ್ಟು ಎತ್ತರದ ಸ್ವರಗಳಲ್ಲಿ ಅದನ್ನು ಹಾಡಿದಾಗ ಬಡತನ ನೆನಪಾಗುವುದಿಲ್ಲ.

ಬ್ರೆಟ್ ಡೀನ್ ಅವರ ‘ಹ್ಯಾಮ್ಲೆಟ್’ (ಗ್ಲೈಂಡ್‌ಬರ್ನ್, 2017) ಮೂಲದ ಸಾಲುಗಳನ್ನೇ ಚೂರು ಮಾಡಿ ಮರಳಿ ಜೋಡಿಸಿದ್ದು. ನಾಯಕ ಬಾಯಿ ತೆರೆಯುವುದೇ ‘ಆರ್ ನಾಟ್ ಟು ಬಿ’ ಎಂದು. ಮೊದಲರ್ಧ ಹೇಗೂ ನಿಮಗೆ ಗೊತ್ತು.

ಪ್ರಶ್ನೆ: ನಮ್ಮ ತಾಳಮದ್ದಳೆಯಲ್ಲಿ ಪದ್ಯ ಭಾಗವತರದು, ಅರ್ಥ ಅರ್ಥಧಾರಿಯದು. ಒಪೆರಾದಲ್ಲಿ ಬರೀ ಮಾತಿಗೆ ಜಾಗವೇ ಇಲ್ಲವೇ?

ಉತ್ತರ: ಇದೆ. ಬೆಂಜಮಿನ್ ಬ್ರಿಟನ್ ಅವರ ಆ ‘ಡ್ರೀಮ್’ ಒಪೆರಾದಲ್ಲಿ ತುಂಟ ಯಕ್ಷ ಪಕ್ ಹಾಡುವುದೇ ಇಲ್ಲ, ತುತ್ತೂರಿ ಮತ್ತು ಡೋಲಿನ ಜೊತೆ ಮಾತಾಡುತ್ತಾನೆ. ಎಲ್ಲರೂ ಹಾಡುವ ಲೋಕದಲ್ಲಿ ಅವನೊಬ್ಬನ ಮಾತು ಬೇರೆಯೇ ಜೀವಿಯದೆಂದು ಕೇಳಿಸುತ್ತದೆ. ಕುರ್ಟ್ ವೈಲ್ ಅವರ ‘ಸ್ಟ್ರೀಟ್ ಸೀನ್’ನಲ್ಲೂ (1947) ಸಂಭಾಷಣೆ ಉಂಟು, ಅದೂ ನಾಟಕದಿಂದ ಬಂದದ್ದೇ. ಆದರೆ ನಿಮ್ಮ ಅರ್ಥಧಾರಿಗೆ ಇರುವ ಸ್ವಾತಂತ್ರ್ಯ ಇಲ್ಲಿ ಯಾರಿಗೂ ಇಲ್ಲ. ಒಂದು ಅಕ್ಷರ ಹೆಚ್ಚಾದರೂ ನಾನು ಪಿಯಾನೊ ನಿಲ್ಲಿಸುತ್ತೇನೆ.

ಪ್ರಶ್ನೆ: ಇಂಗ್ಲಿಷ್ ಒಪೆರಾಕ್ಕೂ ರಂಗದ ಮೇಲ್ಗಡೆ ಇಂಗ್ಲಿಷಿನಲ್ಲೇ ಹಾಡಿನ ಸಾಲು ತೋರಿಸುತ್ತಾರೆ. ನಗು ಬರುತ್ತದೆ.

ಉತ್ತರ: ನಗಬೇಡಿ. ಹೆಣ್ಣುಕಂಠ ತುಂಬಾ ಮೇಲೆ ಹೋದಾಗ ‘ಇ’ಯೂ ‘ಆ’ದಂತೆಯೇ ಕೇಳಿಸುತ್ತದೆ, ಅದು ಗಾಯಕಿಯ ತಪ್ಪಲ್ಲ, ಧ್ವನಿಯ ಸ್ವಭಾವ. ಹೆಚ್ಚುಕಡಿಮೆ ಎಲ್ಲವನ್ನೂ ಇಂಗ್ಲಿಷಿನಲ್ಲೇ ಹಾಡುವ ಇಂಗ್ಲಿಷ್ ನ್ಯಾಷನಲ್ ಒಪೆರಾ ಕೂಡ 2005ರಲ್ಲಿ ಈ ಪದ್ಧತಿಗೆ ಒಪ್ಪಿಕೊಂಡಿತು. ತೊಂದರೆ ಇರುವುದು ಹಾಸ್ಯದಲ್ಲಿ. ನಾನು ಕೆಲಸ ಮಾಡಿದ ಒಂದು ಪ್ರಯೋಗದಲ್ಲಿ ಸಾಲು ಎರಡು ಕ್ಷಣ ಮೊದಲೇ ಬಂದು, ಗಾಯಕ ಬಾಯಿ ತೆರೆಯುವ ಮೊದಲೇ ಸಭೆ ನಕ್ಕುಬಿಟ್ಟಿತು. ಪಾಪ, ಅವನು ತನ್ನ ಅಂಗಿಯ ಗುಂಡಿ ನೋಡಿಕೊಂಡ.

ಇದಕ್ಕೆ ಜೆರಾಲ್ಡ್ ಬ್ಯಾರಿ ಹುಡುಕಿದ ಪರಿಹಾರ ನನಗೆ ಬಹಳ ಇಷ್ಟ. ಆಸ್ಕರ್ ವೈಲ್ಡ್ ಅವರ ‘ದಿ ಇಂಪಾರ್ಟೆನ್ಸ್ ಆಫ್ ಬೀಯಿಂಗ್ ಅರ್ನೆಸ್ಟ್’ ಮಾತಿನ ಚಾತುರ್ಯದ ನಾಟಕ. ಅದನ್ನು ಬ್ಯಾರಿ ಒಪೆರಾ ಮಾಡಿದಾಗ (ಮೊದಲ ಪ್ರದರ್ಶನ 2011) ಇಬ್ಬರು ಯುವತಿಯರು ಚಹಾದ ಮೇಜಿನಲ್ಲಿ ಜಗಳವಾಡುವ ದೃಶ್ಯಕ್ಕೆ ತಾಳ ಹಾಕುವುದು ಒಡೆಯುವ ಪಿಂಗಾಣಿ ತಟ್ಟೆಗಳು, ಒಟ್ಟು ನಲವತ್ತು. ಲೇಡಿ ಬ್ರಾಕ್‌ನೆಲ್ ಪಾತ್ರ ಮಂದ್ರಕಂಠದ ಗಂಡಸಿನದು. ಮೇಲೆ ಸಾಲು ಬರಲಿ ಬಿಡಲಿ, ತಟ್ಟೆ ಒಡೆದರೆ ಜನ ನಗುತ್ತಾರೆ. ತಾಲೀಮಿನಲ್ಲಿ ಪ್ರತಿ ಸಲ ಒಡೆಯುತ್ತಾರೆಯೇ ಎಂದು ಕೇಳಬೇಡಿ, ನಮ್ಮ ಲೆಕ್ಕಪತ್ರದವರು ಇಲ್ಲೂ ಇದ್ದಾರೆ.

ಪ್ರಶ್ನೆ: ಕನ್ನಡದ ಒಂದು ನಾಟಕವನ್ನು ಹೀಗೆ ಪೂರ್ತಿ ಹಾಡಿಸುವ ಆಸೆ ಇದೆ. ಎಲ್ಲಿಂದ ಶುರು ಮಾಡಲಿ?

ಉತ್ತರ: ಅನುಮತಿಯಿಂದ. ನಮ್ಮ ದೇಶದಲ್ಲಿ ಲೇಖಕರು ತೀರಿಕೊಂಡ ಮೇಲೂ 60 ವರ್ಷ ಹಕ್ಕು ಉಳಿದಿರುತ್ತದೆ. ಪತ್ರ ಕೈಗೆ ಬಂದ ಮೇಲೆ ನಾಟಕದ ಒಂದು ಪ್ರತಿ ತೆಗೆದುಕೊಂಡು, ಯಾರೂ ಮಾತಾಡದ ಜಾಗಗಳಿಗೆಲ್ಲ ಕೆಂಪು ಗೆರೆ ಎಳೆಯಿರಿ. ಹತ್ತಾದರೂ ಸಿಕ್ಕರೆ ನನಗೆ ಬರೆಯಿರಿ, ಮುಂದಿನದನ್ನು ಒಟ್ಟಿಗೆ ನೋಡೋಣ.