ಜಪಾನಿನಲ್ಲಿ ರೂಮ್ ಬುಕ್ ಮಾಡುವ ಮುಂಚೆ

ಪ್ರಶ್ನೆ: ಏಪ್ರಿಲ್ ಮೊದಲ ವಾರ ಟೋಕಿಯೊದಲ್ಲಿ 4 ರಾತ್ರಿ, ಕ್ಯೋಟೊದಲ್ಲಿ 3 ರಾತ್ರಿ ಇರ್ತೀವಿ. ನಾವಿಬ್ಬರು, 9 ವರ್ಷದ ಮಗ, ಮಂಡಿನೋವಿರೋ ನಮ್ಮತ್ತೆ. ಎಲ್ಲರೂ ಸಸ್ಯಾಹಾರಿಗಳು. ಒಂದೇ ರೂಮ್ ಸಾಕಾಗುತ್ತಾ ಸರ್? ಒಂದು ರಾತ್ರಿ ರಿಯೊಕಾನ್‌ನಲ್ಲಿ (ಅಲ್ಲಿನ ಸಾಂಪ್ರದಾಯಿಕ ವಸತಿಗೃಹ) ಇರೋ ಆಸೆನೂ ಇದೆ.

ಉತ್ತರ (ಪ್ರವಾಸ ಸಲಹೆಗಾರರು): ಸಾಕಾಗಲ್ಲ ಮೇಡಂ. ಫೋಟೊ ನಂಬಬೇಡಿ, ಚದರ ಮೀಟರ್ ನೋಡಿ. ಅಲ್ಲಿನ ಬಿಸಿನೆಸ್ ಹೋಟೆಲ್ ರೂಮುಗಳು ಹೆಚ್ಚಾಗಿ 12ರಿಂದ 15 ಚದರ ಮೀಟರ್, ಅಂದರೆ ಬಾತ್‌ರೂಮ್ ಸೇರಿ 130–160 ಚದರಡಿ. ಎರಡು ದೊಡ್ಡ ಸೂಟ್‌ಕೇಸ್ ಬಿಚ್ಚಿಟ್ಟರೆ ಬಾಗಿಲಿಗೆ ಹೋಗೋಕೂ ಅವನ್ನು ದಾಟಬೇಕು. ‘ಸೆಮಿ ಡಬಲ್’ ಅಂದರೆ ಸುಮಾರು 120 ಸೆಂ.ಮೀ. ಅಗಲದ ಒಂದೇ ಮಂಚ, ಇಬ್ಬರಿಗೆ ಇಕ್ಕಟ್ಟು. ‘ಟ್ವಿನ್’ ಅಂದರೆ ಎರಡು ಬೇರೆ ಮಂಚ. ನಿಮಗೆ ಒಂದೇ ಮಹಡಿಯಲ್ಲಿ ಎರಡು ಟ್ವಿನ್ ಬೇಕು.

ಬುಕ್ ಮಾಡುವಾಗ ಮಗನ ವಯಸ್ಸನ್ನೂ ತಪ್ಪದೇ ಹಾಕಿ. ಹಲವು ಕಡೆ ದರ ತಲೆಲೆಕ್ಕದಲ್ಲಿರುತ್ತೆ. ಹೇಳದೆ ಒಬ್ಬರು ಹೆಚ್ಚಿಗೆ ಹೋದರೆ ಕೌಂಟರಿನಲ್ಲೇ ತಕರಾರು.

ಟೋಕಿಯೊದಲ್ಲಿ ಉಯೆನೊ ಕಡೆ ನೋಡಿ. ನರಿತಾ ವಿಮಾನ ನಿಲ್ದಾಣದಿಂದ ಸ್ಕೈಲೈನರ್ ರೈಲು ಸುಮಾರು 45 ನಿಮಿಷದಲ್ಲಿ ನೇರ ಅಲ್ಲಿಗೇ ಬರುತ್ತೆ, ಊರು ಸುತ್ತುವ ಯಾಮಾನೊತೆ ರೈಲೂ ಸಿಗುತ್ತೆ. ‘ನಿಲ್ದಾಣಕ್ಕೆ 5 ನಿಮಿಷ’ ಅಂತ ಹೋಟೆಲಿನವರು ಬರೆಯೋದು ಹತ್ತಿರದ ದ್ವಾರದ ಲೆಕ್ಕ. ಆ ದ್ವಾರದಲ್ಲಿ ಬರೀ ಮೆಟ್ಟಿಲಿದ್ದರೆ ನಿಮ್ಮತ್ತೆಗೆ ಕಷ್ಟ. ಲಿಫ್ಟ್ ಇರೋ ದ್ವಾರ ಹುಡುಕಿ ಅಲ್ಲಿಂದ ಅಳೆಯಿರಿ.

ಏಪ್ರಿಲ್ ಮೊದಲ ವಾರ ಸಕುರಾ (ಚೆರ್ರಿ) ಹೂವಿನ ಸಮಯ, ಕ್ಯೋಟೊದಲ್ಲಿ ರೂಮುಗಳು ಬೇಗ ತುಂಬುತ್ತವೆ, ಆದ್ದರಿಂದ ಮೊದಲು ಕ್ಯೋಟೊ ಬುಕ್ ಮಾಡಿ. ವೀಸಾ ಕೈಗೆ ಬರೋವರೆಗೂ ಉಚಿತ ರದ್ದತಿ ಇರೋ ದರವೇ ಇರಲಿ.

ಪ್ರಶ್ನೆ: ಅಡುಗೆಮನೆ ಇರೋ ಅಪಾರ್ಟ್‌ಮೆಂಟ್ ತಗೊಂಡರೆ ಹೇಗೆ? ರಿಯೊಕಾನ್ ಬಗ್ಗೆ ಹೇಳಲಿಲ್ಲ.

ಉತ್ತರ: ಅನ್ನ, ಸಾರು ಮಾಡಿಕೊಳ್ಳೋರಿಗೆ ಅಪಾರ್ಟ್‌ಮೆಂಟ್ ಒಳ್ಳೇದೇ. ಆದರೆ ಜಾಹೀರಾತಿನಲ್ಲಿ ಪರವಾನಗಿ ಅಥವಾ ನೋಂದಣಿ ಸಂಖ್ಯೆ ಇಲ್ಲದಿದ್ದರೆ ಮುಟ್ಟಬೇಡಿ. 2018ರ ಜೂನ್‌ನಲ್ಲಿ ಪ್ರವಾಸಿಗರಿಗೆ ಮನೆ ಬಾಡಿಗೆ ಕೊಡುವ ಬಗ್ಗೆ ಹೊಸ ಕಾನೂನು ಬಂದಿದೆ. ಅದರಡಿ ನೋಂದಾದ ಮನೆಗೆ ವರ್ಷಕ್ಕೆ 180 ದಿನ ಮಾತ್ರ ಅತಿಥಿಗಳನ್ನು ಇರಿಸಿಕೊಳ್ಳಲು ಅನುಮತಿ. ಕಟ್ಟಡದಲ್ಲಿ ಲಿಫ್ಟ್ ಇದೆಯಾ ಅಂತಲೂ ಕೇಳಿ.

ರಿಯೊಕಾನ್‌ನಲ್ಲಿ ತೊಡಕು ಊಟದ್ದು. ‘ಮೀನು, ಮಾಂಸ ಬೇಡ’ ಅಂದರೆ ತಟ್ಟೆಯಿಂದ ಮೀನಿನ ತುಂಡು ಹೋಗುತ್ತೆ, ಆದರೆ ಮಿಸೊ (ಹುದುಗಿಸಿದ ಸೋಯಾ ಮುದ್ದೆ) ಸೂಪು, ಬೇಯಿಸಿದ ತರಕಾರಿಯಲ್ಲಿ ದಾಶಿ ಉಳಿಯುತ್ತೆ. ದಾಶಿ ಅಂದರೆ ಸಾಮಾನ್ಯವಾಗಿ ಒಣಮೀನಿನ ತಿಳಿಸಾರು. ‘ಮೀನಿನ ದಾಶಿಯೂ ಬೇಡ, ಕೊಂಬು ಅನ್ನೋ ಕಡಲಪಾಚಿಯದ್ದಾದರೆ ಸರಿ’ ಅಂತ ಬುಕ್ ಮಾಡೋ ಮುಂಚೆಯೇ ಬರೆದು ಉತ್ತರ ತರಿಸಿಕೊಳ್ಳಿ. ಆಗಲ್ಲ ಅಂದರೆ ಊಟವಿಲ್ಲದ ದರದಲ್ಲಿ ರೂಮ್ ಮಾತ್ರ ತಗೊಳ್ಳಿ. ಹಾಸಿಗೆ ನೆಲದ ಮೇಲೆ ಇರುತ್ತೆ. ನಿಮ್ಮತ್ತೆಗೆ ಏಳೋದು ಕಷ್ಟವಾದರೆ ಚಾಪೆ, ಮಂಚ ಎರಡೂ ಇರೋ ‘ವಾಯೊಷಿತ್ಸು’ ರೂಮ್ ಕೇಳಿ.