ಅಪ್‌ಡೇಟ್: ಕೌದಿ ಮೇಲೆ ಮಗುವಿನ ಹೆಸರು ಬಂತು!

ತಂಗಿಯ ಮಗಳಿಗೆ ಹಳೆ ಸೀರೆ ಪದರಗಳನ್ನ ಸೇರಿಸಿ ಹೊಲಿದ ಕೌದಿ (ಹೊದಿಕೆ) ಮೇಲೆ ಹೆಸರು ಹಾಕೋದು ಹೇಗೆ ಅಂತ ಹೋದ ವಾರ ಹುಬ್ಬಳ್ಳಿಯಿಂದ ಕೇಳಿದ್ದೆ, ಅಲ್ವಾ? ಮುಗಿಯಿತು!

ಫ್ಯಾಬ್ರಿಕ್ ಪೇಂಟ್ ಬೇಡವಾಯಿತು. ಹಳೆ ಇಳಕಲ್ ಸೀರೆ ಮೇಲೆ ಗಟ್ಟಿಯಾಗಿ ನಿಂತಿತು, ಮಗುವಿನ ಕೆನ್ನೆಗೆ ಒರಟು. ಕೌದಿ ಮೇಲೇ ಹೊಲಿಯಲು ಹೋದರೆ ಅಷ್ಟು ಪದರಗಳಲ್ಲಿ ಸೂಜಿ ದಾಟಲಿಲ್ಲ.

ಕೈಹಿಡಿದದ್ದು ನನ್ನ ಪ್ರಶ್ನೆಗೆ ಧಾರವಾಡದ ಅಕ್ಕ ಹೇಳಿದ ತುಂಡು ಬಟ್ಟೆ ಉಪಾಯ. ಕಾಟನ್ ತುಂಡನ್ನು ಮೊದಲೇ ಒಗೆದು ಒಣಗಿಸಿದೆ, ಇಲ್ಲದಿದ್ದರೆ ಆಮೇಲೆ ಕುಗ್ಗುತ್ತದೆ. ಪೆನ್ಸಿಲ್‌ನಲ್ಲಿ ಹೆಸರು ಬರೆದು, ಎರಡೆಳೆ ದಾರದಲ್ಲಿ ಬ್ಯಾಕ್‌ಸ್ಟಿಚ್ (ಪ್ರತಿ ಸಲ ಸೂಜಿ ಸ್ವಲ್ಪ ಹಿಂದಕ್ಕೆ ತಂದು ಹಾಕೋ ಹೊಲಿಗೆ) ಹಾಕಿ, ಅಂಚು ಮಡಚಿ ಮೂಲೆಗೆ ಹೊಲಿದೆ.

ಹೊಸದಾಗಿ ತಿಳಿದದ್ದು: ಹೆಸರಲ್ಲಿ ಒತ್ತಕ್ಷರ ಇದ್ದರೆ ಅಕ್ಷರ ದೊಡ್ಡದಿರಲಿ. ನನ್ನ ಮೊದಲ ಒತ್ತು ಸುಮ್ನೆ ಗಂಟಿನ ಹಾಗೆ ಕಂಡಿತು. ಬಿಚ್ಚಿ ಒಂದೂವರೆ ಇಂಚಿಗೆ ಬರೆದೆ. ಎರಡು ಸಲ ಒಗೆದಾಯಿತು, ಒಂದು ಎಳೆಯೂ ಬಿಟ್ಟಿಲ್ಲ. ಅಕ್ಕಾ, ತುಂಬಾ ಥ್ಯಾಂಕ್ಸ್ ರೀ!